ಪರದೆಯ ಆಚೆ ಕೂತವರಲ್ಲಿ ಕ್ಲಾರಿನೆಟ್‌ನವರು ಕಡಿಮೆ

ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್ ನುಡಿಸಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಒಂದು ಲೆಕ್ಕ ಹೇಳುತ್ತೇನೆ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲಿನವರೇ 30 ಜನರ ಆಸುಪಾಸು ಇರುತ್ತಾರೆ. ಕ್ಲಾರಿನೆಟ್‌ನವರು ಮೂರೋ ನಾಲ್ಕೋ, ಅಷ್ಟೇ. ಅವರಲ್ಲಿ ಒಬ್ಬರು ನಿವೃತ್ತರಾದರೆ ಅಥವಾ ಬೇರೆ ಕಡೆ ಹೋದರೆ ಒಂದು ಜಾಗ ಖಾಲಿ. ಆ ಒಂದು ಜಾಗಕ್ಕೆ ಬರುವವರೆಲ್ಲ ಚೆನ್ನಾಗಿ ನುಡಿಸುವವರೇ. ಹಾಗಾಗಿ ಚೆನ್ನಾಗಿ ನುಡಿಸೋದರ ಜೊತೆಗೆ ಇನ್ನೇನು ಬೇಕು ಅನ್ನೋದೇ ಅಸಲು ಪ್ರಶ್ನೆ.

ಹಲವು ಆರ್ಕೆಸ್ಟ್ರಾಗಳಲ್ಲಿ ಆಡಿಷನ್‌ನ ಮೊದಲ ಸುತ್ತು ಪರದೆಯ ಹಿಂದೆ ನಡೆಯುತ್ತದೆ. ನೀವು ಯಾರು, ಯಾರ ಶಿಷ್ಯರು, ಗಂಡಾ ಹೆಣ್ಣಾ, ಯಾವುದೂ ಆಚೆ ಕೂತವರಿಗೆ ಗೊತ್ತಾಗಬಾರದು. ಶೂ ಸದ್ದಿನಿಂದಲೂ ಸುಳಿವು ಸಿಗಬಾರದು ಅಂತ ಕೆಲವು ಕಡೆ ಕಾರ್ಪೆಟ್ ಹಾಸಿರುತ್ತಾರೆ. ಸಾಮಾನ್ಯವಾಗಿ ಮೊದಲು ಮೊಜಾರ್ಟ್ 1791ರಲ್ಲಿ ಬರೆದ ಕ್ಲಾರಿನೆಟ್ ಕಾನ್ಸರ್ಟೊದ (ಆರ್ಕೆಸ್ಟ್ರಾ ಜೊತೆ ಒಬ್ಬರು ಮುಖ್ಯವಾಗಿ ನುಡಿಸುವ ಕೃತಿ) ಆರಂಭ ನುಡಿಸಬೇಕು. ಆಮೇಲೆ ಬೇರೆ ಬೇರೆ ಸಿಂಫನಿಗಳಿಂದ ಆರಿಸಿದ ತುಣುಕುಗಳು. ಕೆಲವೇ ನಿಮಿಷ, ಮುಗೀತು.

ಆ ಪರದೆಯ ಆಚೆ ಯಾರಿರುತ್ತಾರೆ ಅಂತ ಯೋಚಿಸಿದ್ದೀರಾ? ಫ್ಲೂಟ್‌ನವರು, ಓಬೊದವರು, ಬಸೂನ್‌ನವರು, ತಂತಿವಾದ್ಯದವರು, ಕೊನೆಯ ಸುತ್ತುಗಳಲ್ಲಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್. ಕ್ಲಾರಿನೆಟ್ ಬಲ್ಲವರು ಒಬ್ಬಿಬ್ಬರು. ಉಳಿದವರಿಗೆ ನಿಮ್ಮ ಬೆರಳಿನ ಕಷ್ಟ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಲಯ ಗಟ್ಟಿಯಾಗಿದೆಯಾ, ಶ್ರುತಿ ಸರಿಯಿದೆಯಾ, ನಾಳೆ ಈ ಮನುಷ್ಯ ನನ್ನ ಪಕ್ಕ ಕೂತರೆ ನನ್ನ ಕೆಲಸ ಸಲೀಸಾಗುತ್ತಾ, ಇಷ್ಟನ್ನೇ ಅವರು ಕೇಳುವುದು. ನಾದ ಎಷ್ಟು ಚೆಂದ ಅನ್ನೋದು ಆಮೇಲಿನ ಮಾತು.

ಮೆಂಡೆಲ್ಸನ್‌ನ ಸ್ಕೆರ್ಟ್ಸೊ, ಅಂದರೆ ಚುರುಕಾದ ಹಗುರ ಕೃತಿ, ಹೆಚ್ಚುಕಮ್ಮಿ ಎಲ್ಲ ಆಡಿಷನ್ ಪಟ್ಟಿಯಲ್ಲೂ ಇರುತ್ತದೆ. ಬಾರ್‌ಗೆ (ತಾಳದ ಒಂದು ಆವರ್ತಕ್ಕೆ) ಒಂದೇ ಏಟು, ನಿಮಿಷಕ್ಕೆ 84ರಿಂದ 88. ಸ್ವರಗಳು ಚಿಕ್ಕವು, ಬಿಡಿಬಿಡಿ, ಅದೂ ಮೆಲ್ಲಗೆ. ಇಲ್ಲಿ ನಾಲಿಗೆ ದಣಿದು ಹಿಂದೆ ಬೀಳುತ್ತದೆ, ಬೆರಳು ಮುಂದೆ ಓಡುತ್ತದೆ, ಎರಡರ ನಡುವೆ ಸ್ವರ ಮಸುಕಾಗುತ್ತದೆ. ವೇಗ ಸಾಲಲ್ಲ ಅಂತ ಎಲ್ಲರೂ ವೇಗವನ್ನೇ ಏರಿಸಲು ಹೋಗುತ್ತಾರೆ. ನಾನು ಹೇಳೋದು ಬೇರೆ. 60ಕ್ಕೆ ಇಳಿಸಿ, ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಆಮೇಲೆ ಲಯ ತೋರಿಸುವ ಮೆಟ್ರೊನೋಮ್ ಜೊತೆ ಹಾಕಿ ಕೇಳಿ. ಯಾವ ಬಾರ್‌ನಲ್ಲಿ ಜಾರುತ್ತಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ, ನುಡಿಸುವಾಗ ಅದು ಕಿವಿಗೆ ಬೀಳೋದೇ ಇಲ್ಲ.

ಬ್ರಾಮ್ಸ್‌ನ ಮೂರನೇ ಸಿಂಫನಿಯ ಎರಡನೇ ಭಾಗ ಇದಕ್ಕೆ ಪೂರ್ತಿ ವಿರುದ್ಧ. ನಿಧಾನ, ಸರಳ, ನೋಡೋಕೆ ಏನೂ ಇಲ್ಲ. ಆದರೆ ಆರ್ಕೆಸ್ಟ್ರಾದಲ್ಲಿ ಆ ರಾಗವನ್ನು ನೀವು ಎರಡನೇ ಕ್ಲಾರಿನೆಟ್ ಮತ್ತು ಬಸೂನ್‌ಗಳ ಜೊತೆ ನುಡಿಸುತ್ತೀರಿ, ಸಾಲು ಮುಗಿಯುವಲ್ಲಿ ವಯೋಲ ಮತ್ತು ಚೆಲ್ಲೊಗಳು ಉತ್ತರ ಕೊಡುತ್ತವೆ. ಆಡಿಷನ್‌ನಲ್ಲಿ ಅವರು ಯಾರೂ ಇರಲ್ಲ. ಆ ಉತ್ತರವನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳದವರು ಸಾಲಿನ ಕೊನೆಯನ್ನು ಮೊಟಕು ಮಾಡುತ್ತಾರೆ, ಪರದೆಯ ಆಚೆ ಕೂತ ಚೆಲ್ಲೊದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಕ್ಲಾರಿನೆಟ್ ಪಾರ್ಟ್ ಒಂದನ್ನೇ ಇಟ್ಟುಕೊಂಡು ಅಭ್ಯಾಸ ಮಾಡಬೇಡಿ. ಎಲ್ಲ ವಾದ್ಯಗಳ ಸ್ವರವೂ ಇರುವ ಪೂರ್ತಿ ಸ್ಕೋರ್ ತೆಗೆದು ಯಾರು ಜೊತೆಗಿದ್ದಾರೆ, ಯಾರು ಉತ್ತರ ಕೊಡುತ್ತಾರೆ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಶ್ರುತಿಯ ವಿಷಯಕ್ಕೆ ಬಂದರೆ, ಕ್ಲಾರಿನೆಟ್‌ನ ಸ್ವಭಾವವೇ ವಿಚಿತ್ರ. ಮೆಲ್ಲಗೆ ಊದಿದರೆ ಶ್ರುತಿ ಏರುತ್ತದೆ, ಜೋರಾಗಿ ಊದಿದರೆ ಇಳಿಯುತ್ತದೆ. ಫ್ಲೂಟ್‌ನದು ಇದರ ತದ್ವಿರುದ್ಧ. ಇಬ್ಬರೂ ಒಂದೇ ಸ್ವರ ಹಿಡಿದು ಮೆಲ್ಲಮೆಲ್ಲಗೆ ನಿಲ್ಲಿಸಬೇಕಾದಾಗ ಒಬ್ಬರು ಮೇಲೆ ಹೋಗುತ್ತಾರೆ, ಇನ್ನೊಬ್ಬರು ಕೆಳಗೆ. ಟ್ಯೂನರ್‌ನ ಮುಳ್ಳು ನೋಡಿಕೊಂಡು ಇದನ್ನು ಕಲಿಯೋಕಾಗಲ್ಲ. ಒಂದು ಸ್ವರವನ್ನು ಶ್ರುತಿಯಾಗಿ ಹಾಕಿಕೊಂಡು, ಅದೇ ಸ್ವರವನ್ನು ತೀರಾ ಮೆಲ್ಲಗೆ ಶುರು ಮಾಡಿ, ಜೋರು ಮಾಡಿ, ಮತ್ತೆ ಮೆಲ್ಲಗೆ ಇಳಿಸಿ. ದಿನಾ ಮಾಡಿ. ಬೇಜಾರಿನ ಕೆಲಸ, ಆದರೆ ಇದಕ್ಕೆ ಬದಲಿ ಇಲ್ಲ.

ಇನ್ನೊಂದು ಸಂಗತಿ ಕಾಲೇಜಿನಲ್ಲಿ ಅಷ್ಟಾಗಿ ಯಾರೂ ಹೇಳಲ್ಲ. ಕೆಲಸದಲ್ಲಿ ಬಿ ಫ್ಲ್ಯಾಟ್ ಮತ್ತು ಎ, ಹೀಗೆ ಬೇರೆ ಬೇರೆ ಶ್ರುತಿಯ ಎರಡು ಕ್ಲಾರಿನೆಟ್ ಬೇಕು. ಬಿ ಫ್ಲ್ಯಾಟ್ ನುಡಿಸುತ್ತಿರುವಾಗ ಎ ಕ್ಲಾರಿನೆಟ್ ಪಕ್ಕದಲ್ಲಿ ತಣ್ಣಗಾಗಿರುತ್ತದೆ, ತಣ್ಣಗಾದ ಕ್ಲಾರಿನೆಟ್‌ನ ಶ್ರುತಿ ಇಳಿದಿರುತ್ತದೆ. ರಾಖ್ಮನಿನೊಫ್‌ನ ಎರಡನೇ ಸಿಂಫನಿಯ ಮೂರನೇ ಭಾಗದಲ್ಲಿ ಉದ್ದನೆಯ ಸೋಲೊ ಇರುವುದು ಎ ಕ್ಲಾರಿನೆಟ್‌ಗೇ. ಇಂಥ ಸೋಲೊಗೆ ಮುಂಚೆ ಸದ್ದಿಲ್ಲದೆ ಒಳಗೆ ಬಿಸಿಯುಸಿರು ಊದಿ ಅದನ್ನು ಸಿದ್ಧ ಮಾಡಿಕೊಳ್ಳುವ ಅಭ್ಯಾಸ ಇರಬೇಕು. ರೀಡ್ (ಊದುವಾಗ ಕಂಪಿಸುವ ತೆಳು ಪಟ್ಟಿ) ಬಗ್ಗೆ ಜಾಸ್ತಿ ಹೇಳಲ್ಲ, ಯಾವಾಗಲೂ ನಾಲ್ಕೈದು ಪಳಗಿದ ರೀಡ್ ಕೈಯಲ್ಲಿರಲಿ.

ಎಲ್ಲಿ ಕೆಲಸ ಹುಡುಕುತ್ತೀರಿ ಅನ್ನೋದನ್ನೂ ಬೇಗ ಯೋಚಿಸಿ. ಜರ್ಮನಿ, ಆಸ್ಟ್ರಿಯಾದ ಆರ್ಕೆಸ್ಟ್ರಾಗಳಲ್ಲಿ ಬಳಸುವುದು ಜರ್ಮನ್ ಪದ್ಧತಿಯ ಕ್ಲಾರಿನೆಟ್, ಬೇರೆ ಬಹುತೇಕ ಕಡೆ ಬೋಮ್ ಪದ್ಧತಿಯದು. ಒತ್ತುವ ಕೀಗಳು, ಬೆರಳಿಡುವ ರೀತಿ, ಮೌತ್‌ಪೀಸ್ ಎಲ್ಲ ಬೇರೆ. ಕೆಲಸ ಕಾಯಂ ಆಗುವವರೆಗೆ ಚಿಕ್ಕದಾದ ಇ ಫ್ಲ್ಯಾಟ್ ಅಥವಾ ದೊಡ್ಡದಾದ ಬಾಸ್ ಕ್ಲಾರಿನೆಟ್ ಕಲಿತವರಿಗೆ ಬದಲಿ ವಾದಕರಾಗಿ ಕರೆ ಬರುವ ಸಾಧ್ಯತೆ ಜಾಸ್ತಿ.

ಆಡಿಷನ್ ಗೆದ್ದರೂ ಮುಗಿಯಲ್ಲ. ಅದರ ನಂತರ ಪರೀಕ್ಷಾ ಅವಧಿ ಇರುತ್ತದೆ, ಕೆಲವು ಕಡೆ ಒಂದು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ. 1980ರ ದಶಕದ ಆರಂಭದಲ್ಲಿ ಕ್ಲಾರಿನೆಟ್ ವಾದಕಿ ಸಬೀನೆ ಮೇಯರ್ ಅವರನ್ನು ಬರ್ಲಿನ್ ಫಿಲ್ಹಾರ್ಮೋನಿಕ್‌ಗೆ ತರಲು ಕಂಡಕ್ಟರ್ ಕಾರಾಯಾನ್ ಹಟ ಹಿಡಿದರು, ಆದರೆ ಆರ್ಕೆಸ್ಟ್ರಾದ ವಾದಕರು ಮೇಯರ್ ವಿರುದ್ಧ ಮತ ಹಾಕಿದರು. ನಾದ ಹೊಂದಲ್ಲ ಅನ್ನೋದು ಕೊಟ್ಟ ಕಾರಣ, ಹೆಣ್ಣು ಅನ್ನೋದೇ ನಿಜವಾದ ಕಾರಣ ಅಂತ ಆಗಲೇ ಹಲವರು ಹೇಳಿದರು. ಮೇಯರ್ ಮುಂದೆ ಜಗತ್ತಿನ ಹೆಸರಾಂತ ಏಕವಾದಕರಾದರು. ಅನ್ಯಾಯ ಅನ್ನಿಸುತ್ತೆ, ಅಲ್ವಾ? ನನಗೂ ಅನ್ನಿಸುತ್ತೆ. ಆದರೆ ಆರ್ಕೆಸ್ಟ್ರಾದಲ್ಲಿ ಸಹವಾದಕರ ಮಾತಿಗೆ ತೂಕ ಇರುತ್ತದೆ ಅನ್ನೋದಂತೂ ನಿಜ.

ಹಾಗಾಗಿ ಈಗಿನಿಂದಲೇ ಗೆಳೆಯರ ಜೊತೆ ಡ್ಯುಯೆಟ್ ನುಡಿಸಿ, ಪ್ರತಿ ಸಲವೂ ಕೆಳಗಿನ ಸಾಲನ್ನು ನೀವೇ ತೆಗೆದುಕೊಳ್ಳಿ. ಮೇಲಿನವರು ಎಲ್ಲಿ ಉಸಿರೆಳೆಯುತ್ತಾರೆ, ಸ್ವರವನ್ನು ಹೇಗೆ ಮುಗಿಸುತ್ತಾರೆ ಅಂತ ಗಮನಿಸಿ ಅದರ ಕೆಳಗೆ ನಿಮ್ಮ ನಾದ ಕೂರಿಸಿ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಿಮ್ಮಿಂದ ಕೇಳೋದು ಅದನ್ನೇ.