ಡ್ರಿಲ್ ಗಟ್ಟಿಯಾಗಿದೆ, ಬ್ಯಾಟರಿ ಸಿಗುತ್ತಿಲ್ಲ

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಹಾಗಾಗಿ ವೈರಿಲ್ಲದ ಡ್ರಿಲ್ಲು ಬಡಗಿಗಳಿಗೂ ತೋಟದವರಿಗೂ ಬೇಗ ಒಗ್ಗಿತು. ಈಗ ಅವೇ ಡ್ರಿಲ್ಲುಗಳು ಅಟ್ಟ ಸೇರುತ್ತಿವೆ. ಮೋಟಾರು ಚೆನ್ನಾಗಿದೆ, ಗೇರು ಸವೆದಿಲ್ಲ. ಬ್ಯಾಟರಿ ಮಾತ್ರ ಸತ್ತಿದೆ.

1961ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಬ್ಯಾಟರಿ ಡ್ರಿಲ್ ತಂದ ಮೇಲೆ ನಾಲ್ಕು ದಶಕ ಹೆಚ್ಚುಕಡಿಮೆ ನಿಕಲ್-ಕ್ಯಾಡ್ಮಿಯಂ ಸೆಲ್ಲಿನದೇ ಕಾಲ. 2005ರ ಹೊತ್ತಿಗೆ ಲಿಥಿಯಂ ಬಂತು.

ಗೋಜಲು ಶುರುವಾಗಿದ್ದು ಇಲ್ಲಿಂದ. ನಿಕಲ್ ಸೆಲ್ 1.2 ವೋಲ್ಟಿನದು. 12 ವೋಲ್ಟಿನ ಬ್ಯಾಟರಿ ಪ್ಯಾಕಿನಲ್ಲಿ 10 ಸೆಲ್ ಇರುತ್ತಿದ್ದವು. ತೂಕ ಜಾಸ್ತಿ, ಸುಮ್ನೆ ಇಟ್ಟರೂ ಚಾರ್ಜ್ ಇಳಿಯುತ್ತಿತ್ತು. ಆದರೆ ಒಳಗೆ ಹೆಚ್ಚೆಂದರೆ ಬಿಸಿ ಅಳೆಯುವ ಒಂದು ಸೆನ್ಸರ್. ಸ್ಕ್ರೂ ಬಿಚ್ಚಿ ಸೆಲ್ ಬದಲಿಸಿದರೆ ಮತ್ತೆ ಓಡುತ್ತಿತ್ತು.

ಲಿಥಿಯಂ ಸೆಲ್ 3.6 ವೋಲ್ಟ್. ಐದನ್ನು ಸಾಲಾಗಿ ಜೋಡಿಸಿದರೆ 18, ಪೂರ್ತಿ ಚಾರ್ಜ್ ಆದಾಗ 21. ಡಬ್ಬದ ಮೇಲೆ 18, 20, 21 ಅಂತ ಬೇರೆ ಬೇರೆ ಬರೆದಿದ್ದರೂ ಒಳಗೆ ಹೆಚ್ಚಾಗಿ ಅದೇ ಐದರ ಸಾಲು. ನಂಬರು ನೋಡಿ ದುಡ್ಡು ಜಾಸ್ತಿ ಕೊಡಬೇಡಿ.

ಲಿಥಿಯಂ ಸೆಲ್ಲಿಗೆ ಅತಿ ಚಾರ್ಜೂ ಆಗದು, ಪೂರ್ತಿ ಬರಿದಾಗುವುದೂ ಆಗದು. ಅದಕ್ಕೇ ಕಾವಲಿಗೆ ಸರ್ಕ್ಯೂಟ್ ಬೋರ್ಡ್ ಬೇಕು. ಅದು ಸರಿಯೇ. ಆದರೆ ಕೆಲವು ಬೋರ್ಡುಗಳು ಒಮ್ಮೆ ದೋಷ ಕಂಡರೆ ಲಾಕ್ ಆಗುತ್ತವೆ. ಹೊಸ ಸೆಲ್ ಹಾಕಿದರೂ ತೆರೆಯುವುದಿಲ್ಲ. ಮೇಲಿಂದ ಒಂದೊಂದು ಕಂಪನಿಯ ಪ್ಯಾಕಿಗೆ ಒಂದೊಂದು ಆಕಾರ. ಒಂದು ಕಂಪನಿಯ ಪ್ಯಾಕನ್ನು ಇನ್ನೊಂದರ ಡ್ರಿಲ್ಲಿಗೆ ಕೂರಿಸುವ ಅಡಾಪ್ಟರ್ ಸಿಗುತ್ತದೆ, ನಿಜ. ಆದರೆ ಚಾರ್ಜ್ ತೀರಾ ಇಳಿದಾಗ ನಿಲ್ಲಿಸುವ ಕೆಲಸವನ್ನು ಕೆಲವರು ಪ್ಯಾಕಿನಲ್ಲಿ ಇಟ್ಟಿದ್ದಾರೆ, ಕೆಲವರು ಡ್ರಿಲ್ಲಿನಲ್ಲಿ. ಎರಡೂ ಕಡೆ ಇಲ್ಲದ ಜೋಡಿಯಾದರೆ ಪ್ಯಾಕ್ ಹಾಳಾಗುತ್ತದೆ.

ಹಳೇ 12 ವೋಲ್ಟಿನ ನಿಕಲ್ ಡ್ರಿಲ್ಲಿಗೆ ಮೂರು ಲಿಥಿಯಂ ಸೆಲ್ ಹಾಕಿಸಬಹುದು. ಜಾಸ್ತಿ ಕರೆಂಟ್ ಕೊಡುವ ಸೆಲ್ಲೇ ಬೇಕು, ಹಳೇ ಲ್ಯಾಪ್‌ಟಾಪಿನದು ಸಾಲದು. ಡ್ರಿಲ್ ಎಳೆಯುವ ಕರೆಂಟ್ ತಡೆಯುವ ಬೋರ್ಡ್ ಬೇಕು. ಜೋಡಣೆ ಸ್ಪಾಟ್ ವೆಲ್ಡಿಂಗಿನಲ್ಲೇ (ಕ್ಷಣಮಾತ್ರ ಕರೆಂಟ್ ಹರಿಸಿ ಪಟ್ಟಿಯನ್ನು ಸೆಲ್ಲಿಗೆ ಬೆಸೆಯುವುದು) ಆಗಬೇಕು. ಹಳೇ ಚಾರ್ಜರ್ ಮಾತ್ರ ಖಂಡಿತ ಬಳಸಬಾರದು, ಬೆಂಕಿ ಹತ್ತೀತು. ಕಾರವಾರ, ಅಂಕೋಲೆಯವರು ಇಷ್ಟೆಲ್ಲ ಮಾಡುವ ಮೊದಲು ಪ್ಯಾಕಿನ ಹಿತ್ತಾಳೆ ಪಟ್ಟಿಗಳನ್ನು ಒರೆಸಿ ನೋಡಿ. ಉಪ್ಪುಗಾಳಿಗೆ ಅವು ಹಸಿರುಗಟ್ಟಿದರೂ ಬ್ಯಾಟರಿ ಸತ್ತಂತೆಯೇ ಕಾಣುತ್ತದೆ.

ಜರ್ಮನಿಯಲ್ಲಿ 2018ರಿಂದ ಡ್ರಿಲ್ ಮುಂತಾದ ಉಪಕರಣ ತಯಾರಿಸುವ ಮೆಟಾಬೊ ಜೊತೆ ಹಲವು ಕಂಪನಿಗಳು ಒಂದೇ ಪ್ಯಾಕ್ ಹಂಚಿಕೊಳ್ಳುತ್ತಿವೆ. ಅಂದರೆ ಆಗದ ಕೆಲಸವೇನಲ್ಲ, ಅಲ್ವಾ? ಯುರೋಪಿನ 2023ರ ಕಾನೂನಿನ ಪ್ರಕಾರ ಮಾದರಿ ನಿಂತ ಮೇಲೂ ಕನಿಷ್ಠ 5 ವರ್ಷ ಅದರ ಬ್ಯಾಟರಿ ಸಿಗಬೇಕು. ನಮ್ಮ 2022ರ ನಿಯಮ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರಿಗೆ ವಹಿಸಿದೆ. ಬದಲಿ ಬ್ಯಾಟರಿ ಎಷ್ಟು ವರ್ಷ ಸಿಗಬೇಕು ಎಂಬ ಮಾತು ಅದರಲ್ಲಿಲ್ಲ.