ಜಿಂಕೆಗೆ ಯಾವ ಅಳತೆಯ ಗುಂಡು?

ಸ್ಕಾಟ್ಲೆಂಡ್‌ನ ಗುಡ್ಡಗಳಲ್ಲಿ ಈಗ ತೋಳಗಳಿಲ್ಲ. ಕೆಂಪು ಜಿಂಕೆಗಳು ಜಾಸ್ತಿಯಾದರೆ ಪೈನ್ ಸಸಿಗಳು ಮೇಲೇಳುವುದೇ ಇಲ್ಲ, ಚಿಗುರಿದ್ದೆಲ್ಲ ಅವುಗಳ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಅಲ್ಲಿ ವರ್ಷ ವರ್ಷವೂ ಕೋವಿ ಹಿಡಿದು ಅವುಗಳ ಸಂಖ್ಯೆ ತಗ್ಗಿಸುತ್ತಾರೆ. ನಮ್ಮ ಬಂಡೀಪುರದಲ್ಲಿ ಆ ಕೆಲಸಕ್ಕೆ ಹುಲಿ, ಚಿರತೆ, ಸೀಳುನಾಯಿಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಲ್ಲಿ ಜಿಂಕೆ ಬೇಟೆ ಅಪರಾಧ.

ಕೊಲ್ಲಲೇಬೇಕು ಅಂತಾದರೆ ಪ್ರಾಣಿ ನರಳಬಾರದು. ಕ್ಯಾಲಿಬರ್ ಆರಿಸುವಾಗ ನನಗೆ ಮುಖ್ಯ ಅನ್ನಿಸುವುದು ಇದೊಂದೇ.

ಕ್ಯಾಲಿಬರ್ ಅಂದರೆ ಹೆಚ್ಚುಕಡಿಮೆ ಗುಂಡಿನ ದಪ್ಪ. .308 ಅಂದರೆ 0.308 ಇಂಚು, ಸುಮಾರು 7.8 ಮಿಲಿಮೀಟರ್. 1952ರಲ್ಲಿ ಬಂದ ಈ .308 ವಿಂಚೆಸ್ಟರ್ ತೋಟಾದ ಕತ್ತನ್ನೇ ಕಿರಿದು ಮಾಡಿ 1955ರಲ್ಲಿ .243 ತಂದರು. ಅದರ ಗುಂಡು 6.2 ಮಿಲಿಮೀಟರ್ ದಪ್ಪ.

ದಪ್ಪ ಗುಂಡೇ ಒಳ್ಳೆಯದು ಅಲ್ವಾ ಅನ್ನಿಸಬಹುದು. ಆದರೆ ಗುಂಡಿನ ಶಕ್ತಿ ತೂಕದ ಜೊತೆ ನೇರವಾಗಿ ಏರಿದರೆ, ವೇಗದ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದಕ್ಕೇ ಸ್ಕಾಟ್ಲೆಂಡ್‌ನ 1985ರ ನಿಯಮ ದಪ್ಪದ ಮಾತೇ ಎತ್ತುವುದಿಲ್ಲ. ಕೆಂಪು ಜಿಂಕೆಗಾದರೆ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 2450 ಅಡಿ ವೇಗ ಮತ್ತು 1750 ಅಡಿ-ಪೌಂಡ್ ಶಕ್ತಿ ಇರಲೇಬೇಕು, ಅಂದರೆ ಸುಮಾರು 2370 ಜೂಲ್. ಪುಟ್ಟ ರೋ ಜಿಂಕೆಗೆ 1000 ಅಡಿ-ಪೌಂಡ್ ಸಾಕು.

ಹಾಗಂತ ಸುಮ್ನೆ ಶಕ್ತಿ ಏರಿಸುತ್ತಾ ಹೋದರೆ ಕೋವಿ ಭುಜಕ್ಕೆ ಒದೆಯುತ್ತದೆ. ಗುಂಡು ಮುಂದಕ್ಕೆ ಹೋದಷ್ಟೇ ಆವೇಗ ಕೋವಿಗೆ ಹಿಂದಕ್ಕೆ ಸಿಗುತ್ತದೆ, ಅದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒದೆತ ತಿಂದ ಮೈ ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಬೆಚ್ಚುತ್ತದೆ, ಎದೆಗೂಡಿಗೆ ಬೀಳಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. .308ರ 9.7 ಗ್ರಾಂ ಗುಂಡೂ .243ರ 6.5 ಗ್ರಾಂ ಗುಂಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಡುವುದರಿಂದ ಚಿಕ್ಕದರ ಒದೆತ ಸಾಕಷ್ಟು ಮೆತ್ತಗೆ. ನನ್ನನ್ನು ಕೇಳಿದರೆ, .308 ಹಿಡಿದು ಬೆಚ್ಚುವವರು .243 ಹಿಡಿಯುವುದೇ ಸರಿ. ಎರಡರ ನಡುವೆ 1890ರ ದಶಕದ ಸ್ವೀಡನ್ ಸೈನ್ಯದ 6.5×55 ತೋಟಾ ಇದೆ. ಅದರ ಉದ್ದನೆಯ ತೆಳು ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ, ಒದೆತವೂ ಹಿತ.

ಗುಂಡು ಮೈಯೊಳಗೆ ಅಣಬೆಯಂತೆ ಅರಳಬೇಕು ಅನ್ನುವುದೂ ಸ್ಕಾಟ್ಲೆಂಡ್‌ನ ಕಾನೂನು. ಅರಳದ ಗುಂಡು ದಬ್ಬಳದಂತೆ ತೂರಿಹೋಗುತ್ತದೆ, ಗಾಯಗೊಂಡ ಜಿಂಕೆ ಎಲ್ಲೋ ಹೋಗಿ ನಿಧಾನವಾಗಿ ಸಾಯುತ್ತದೆ.

ಈಗ ಲೆಕ್ಕ ಮತ್ತೆ ಬದಲಾಗುತ್ತಿದೆ. ಸೀಸದ ಗುಂಡು ಅರಳುವಾಗ ಚೂರುಗಳು ಚದುರುತ್ತವೆ. ಗುಡ್ಡದಲ್ಲೇ ಬಿಟ್ಟ ಕರುಳನ್ನು ತಿನ್ನುವ ಹದ್ದುಗಳಿಗೆ ಅದು ವಿಷ. ಬದಲಿಗೆ ತಾಮ್ರ ಬಳಸೋಣ ಅಂದರೆ ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದನೆಯ ಗುಂಡು ಓಲಾಡದೆ ಹಾರಬೇಕಾದರೆ ಬುಗುರಿಯಂತೆ ಇನ್ನೂ ಜೋರಾಗಿ ತಿರುಗಬೇಕು. ಹಳೆಯ ಎಷ್ಟೋ .243 ರೈಫಲ್‌ಗಳ ನಳಿಗೆಯಲ್ಲಿರುವ ಸುರುಳಿ ಗೀರುಗಳು ಅಷ್ಟು ಜೋರಾಗಿ ತಿರುಗಿಸಲಾರವು. ಹಾಗಾಗಿ 2023ರಲ್ಲಿ ಸ್ಕಾಟ್ಲೆಂಡ್ ಕೆಂಪು ಜಿಂಕೆಗೆ ಬಳಸುವ ಗುಂಡಿನ ಕನಿಷ್ಠ ತೂಕವನ್ನು 100 ಗ್ರೇನ್‌ನಿಂದ 80ಕ್ಕೆ, ಅಂದರೆ ಸುಮಾರು 5.2 ಗ್ರಾಂಗೆ ಇಳಿಸಿತು. ಆ ಹಳೆಯ ರೈಫಲ್‌ಗಳಲ್ಲೇ ಈಗ ತಾಮ್ರದ ಗುಂಡು ಹಾರಿಸಬಹುದು.