ಪೈನಾಪಲ್‌ನಲ್ಲಿ ಪೈನೂ ಇಲ್ಲ, ಆಪಲ್ಲೂ ಇಲ್ಲ; ಆ ಹೆಸರು ಹೇಗೆ ಬಂತು?

ಪ್ರಶ್ನೆ: ಅನಾನಸ್ ಪೈನ್ ಮರದಲ್ಲಿ ಬಿಡುವುದಿಲ್ಲ, ಸೇಬಿಗೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನವರು ಪೈನಾಪಲ್ ಅಂತ ಯಾಕೆ ಕರೆದರು?

ಉತ್ತರ: ಊಟಿಯ ಪೈನ್ ತೋಪಿಗೆ ಹೋದವರು ಒಂದಾದರೂ ಒಣ ಕಾಯಿ ಹೆಕ್ಕಿಕೊಂಡು ಬಂದಿರುತ್ತೀರಿ. ಮೈತುಂಬ ಚಕ್ಕೆಗಳು, ಓರೆಯಾಗಿ ಸುತ್ತಿಕೊಂಡು ಹೋದ ಸಾಲುಗಳು. ಅದರ ಪಕ್ಕ ಒಂದು ಅನಾನಸ್ ಇಟ್ಟು, ಮೇಲಿನ ಎಲೆಜುಟ್ಟನ್ನು ಕೈಯಿಂದ ಮುಚ್ಚಿ ನೋಡಿ. ಅಣ್ಣ ತಮ್ಮಂದಿರ ಹಾಗಿವೆ ಅಲ್ವಾ?

ಪೈನಾಪಲ್ ಅನ್ನುವ ಪದ ಇಂಗ್ಲಿಷಿಗೆ ಈ ಹಣ್ಣಿಗಿಂತ ಮೊದಲೇ ಬಂದಿತ್ತು. 14ನೇ ಶತಮಾನದ ಕೊನೆಗೇ ಬಳಕೆಯಲ್ಲಿತ್ತು. ಆಗ ಅದರ ಅರ್ಥ ಪೈನ್ ಮರದ ಕಾಯಿ, ಅಷ್ಟೇ. ಹಳೆಯ ಇಂಗ್ಲಿಷಿನಲ್ಲಿ ಆಪಲ್ ಅಂದರೆ ಸೇಬೇ ಆಗಬೇಕಿರಲಿಲ್ಲ, ಯಾವ ಹಣ್ಣಿಗೂ ಸಲ್ಲುತ್ತಿತ್ತು. ಖರ್ಜೂರಕ್ಕೆ ‘ಬೆರಳು ಆಪಲ್’ ಅನ್ನುತ್ತಿದ್ದರು! ಆಮೇಲೆ ಆ ಪದ ಸೇಬಿಗೇ ಅಂಟಿಕೊಂಡಿತು. ನಮ್ಮಲ್ಲೂ ‘ಸ್ವಲ್ಪ ಕಾಯಿ ತುರಿದುಕೊಡು’ ಅಂದರೆ ಯಾರೂ ಸೌತೆಕಾಯಿ ತುರಿಯಲು ಕೂರುವುದಿಲ್ಲವಲ್ಲ, ಹಾಗೆ.

1493ರಲ್ಲಿ ಕೊಲಂಬಸ್ ಕಡೆಯವರು ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು ಕಂಡರು. ಸ್ಪ್ಯಾನಿಷರಿಗೂ ಪೈನ್ ಕಾಯಿಯೇ ನೆನಪಾಗಿ ‘ಪೀನ್ಯಾ’ ಅಂದರು. 17ನೇ ಶತಮಾನದಲ್ಲಿ ಇಂಗ್ಲಿಷರೂ ತಮ್ಮ ಹಳೇ ಪದವನ್ನು ಎತ್ತಿ ಹೊಸ ಹಣ್ಣಿಗೆ ಕೊಟ್ಟರು. ಪಾಪ, ಹೆಸರು ಕಳೆದುಕೊಂಡ ಪೈನ್ ಕಾಯಿಗೆ ‘ಪೈನ್ ಕೋನ್’ ಅಂತ ಬೇರೆ ಹೆಸರು ಹುಡುಕಬೇಕಾಯಿತು.

ಇದನ್ನು ಓದಿ ನಗುವ ಮೊದಲು ನಮ್ಮ ಸಾಂಬಾರ ಡಬ್ಬಿ ನೋಡಿ. ಮೆಣಸು ಅಂದರೆ ಮೊದಲು ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಕಾಳು ಮಾತ್ರ. ಅಮೆರಿಕದ ಕಡೆಯಿಂದ ಪೋರ್ಚುಗೀಸರು ತಂದ ಖಾರದ ಕಾಯಿಗೆ ನಾವು ಸುಮ್ನೆ ‘ಮೆಣಸಿನಕಾಯಿ’ ಅಂದುಬಿಟ್ಟೆವು. ಈಗ ಕರಾವಳಿಯಲ್ಲಿ ಬರೀ ಮೆಣಸು ಅಂದರೆ ಕೆಂಪು ಮೆಣಸಿನಕಾಯಿಯನ್ನೇ ಕೊಡುತ್ತಾರೆ. ಮೂಲದ ಮೆಣಸು ತನ್ನ ಗುರುತಿಗೆ ‘ಕಾಳುಮೆಣಸು’ ಅಂತ ಹೇಳಿಕೊಳ್ಳಬೇಕು.

ಅನಾನಸ್ ವಿಷಯದಲ್ಲಿ ಮಾತ್ರ ನಾವು ಹೆಸರು ಕಟ್ಟುವ ಕೆಲಸಕ್ಕೆ ಹೋಗಲಿಲ್ಲ. ಬ್ರೆಜಿಲ್‌ನ ಟುಪಿ ಜನ ಅದನ್ನು ‘ನಾನಸ್’ ಅನ್ನುತ್ತಿದ್ದರು. ಪೋರ್ಚುಗೀಸರು ಹಣ್ಣಿನ ಜೊತೆಗೆ ಹೆಸರನ್ನೂ ತಂದರು, ನಾವು ಎರಡನ್ನೂ ಇಟ್ಟುಕೊಂಡೆವು. ಆದರೂ ಒಂದು ತಮಾಷೆ ಇದೆ: ಮನೆಯಲ್ಲಿ ಗೊಜ್ಜು ಮಾಡಿದರೆ ಅದು ಅನಾನಸ್ ಗೊಜ್ಜು. ಅದೇ ಹಣ್ಣು ಬೆಂಗಳೂರಿನ ಹೋಟೆಲಿನಲ್ಲಿ ಕೇಸರಿಬಾತಿಗೆ ಬಿದ್ದರೆ ಪೈನಾಪಲ್.